ಕೊಟ್ಟ ಅಂದನೋ, ಕೊಟ್ಟಿಂಡು ಅಂದನೋ

ಹೊಸಹಟ್ಟಿ, ಮಕ್ತಲ್ ಹತ್ತಿರ
12 ಫೆಬ್ರವರಿ 2024

ನನ್ನ ಅಕ್ಕನ ಮಗಳು ಮಲ್ಲವ್ವನಿಗೆ,

ಹೋದ ಮಳೆಗಾಲದಲ್ಲಿ ಕೃಷ್ಣಾ ನದಿ ಏರಿ ಬಂದಾಗ ಇಡೀ ಮಕ್ತಲ್ ಸೀಮೆಯನ್ನು ಉಳಿಸಿದವನು ನಾನೇ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ದಂಡೆಯ ಮೇಲೆ ನಿಂತು ಒಂದೇ ಸಲ ಗದರಿಸಿದೆ. ನದಿ ಮೂರು ಮೊಳ ಹಿಂದೆ ಸರಿಯಿತು. ಇದನ್ನು ಕಣ್ಣಾರೆ ಕಂಡವರು ಇಬ್ಬರಿದ್ದರು. ಒಬ್ಬ ತೀರಿಕೊಂಡ, ಇನ್ನೊಬ್ಬನಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಹಾಗಾಗಿ ನೀನು ನನ್ನ ಮಾತನ್ನೇ ನಂಬಬೇಕು. ಇಂಥ ಮಾಮ ಇರುವಾಗ ಹೆದರಬೇಡ ಎಂದು ಹೇಳುವುದಕ್ಕೇ ಇದನ್ನು ಮೊದಲು ಬರೆದೆ.

ಕಾಗದ ಕಂಡು ಗಾಬರಿಯಾಗಬೇಡ. ಹಿರಿಯರು ನಮ್ಮ ಹಟ್ಟಿಗೂ ನಿನ್ನ ಗಂಡನ ಮನೆಯ ಧರೂರು ಹಟ್ಟಿಗೂ ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿಸಿ ಮಾತು ಬಂದ್ ಮಾಡಿದ ದಿನ ನಾನೂ ಅಲ್ಲೇ ಕುಳಿತಿದ್ದೆ. ಇವರು ಅವರ ಮುಂದೆ, ಅವರು ಇವರ ಮುಂದೆ ಬಾಯಿ ತೆರೆಯಕೂಡದು, ಫೋನಿನಲ್ಲೂ ಕೂಡದು ಎಂದರು. ಎಲ್ಲರೂ ತಲೆಯಾಡಿಸಿದರು. ಪೆನ್ನು ತೆರೆಯಕೂಡದು ಎಂದು ಮಾತ್ರ ಯಾರೂ ಅನ್ನಲಿಲ್ಲ. ಪೆನ್ನು ನೆನಪಾಗುವಷ್ಟು ಓದಿದವನು ಅಲ್ಲಿ ನಾನೊಬ್ಬನೇ, ಏಳನೇ ಜಮಾತ್ ಪಾಸು. ನಾನು ಮೀಸೆಯೊಳಗೆ ನಕ್ಕು ಸುಮ್ಮನಿದ್ದೆ.

ನೀನು ಆಯಾ ಕೆಲಸಕ್ಕೆ ಹೋಗುವ ಅಂಗನವಾಡಿಯ ಝಾನ್ಸಿ ಟೀಚರ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ನಿನ್ನ ಗಂಡನ ಮನೆಯವರ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಅವರು ತೆಲುಗು ಶಾಲೆಯವರು. ಕನ್ನಡದ ಅಕ್ಷರ ಅವರಿಗೆ ಅರ್ಧಂಬರ್ಧ ತಿಳಿದರೂ ನನ್ನ ಕೈಬರಹ ತಿಳಿಯುವುದಿಲ್ಲ. ನನಗೇ ಮರುದಿನ ತಿಳಿಯುವುದಿಲ್ಲ.

ಈಗ ಮುಖ್ಯ ಮಾತು. ಬರುವ ತಿಂಗಳು ಗದ್ವಾಲಿನಲ್ಲಿ ಹಿರಿಯರು ಪಂಚಾಯ್ತಿ ಕೂಡಿಸುತ್ತಾರೆ. ಅಲ್ಲಿ ನಾನು ಹೇಳುವುದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಹೇಗಿದೆ ಹೇಳು.

ಡಿಸೆಂಬರಿನಲ್ಲಿ ಧರೂರು ಕಾಲುವೆಯ ಪಕ್ಕ, ಭತ್ತ ಕೊಯ್ದ ಗದ್ದೆಯಲ್ಲಿ ಎರಡೂ ಹಟ್ಟಿಯ ಕುರಿಗಳು ಕಲೆತವು. ಮಾತಿಗೆ ಮಾತು ಬೆಳೆದು ಕೋಲು ಎದ್ದವು. ಸಾಯಣ್ಣನ ಕುರಿಗಳು ಬೆದರಿ ಕಾಲುವೆಗೆ ಬಿದ್ದವು. ಸಾಯಣ್ಣ, ಅಂದರೆ ನಿನ್ನ ಮಾವ, ತಲೆ ಒಡೆದು ದಂಡೆಯ ಮೇಲೆ ಬಿದ್ದ. ಯಾರ ಕೋಲು ಬಿತ್ತೋ, ದಂಡೆಯ ಸಿಮೆಂಟೇ ತಾಗಿತೋ, ಆ ಧೂಳಿನಲ್ಲಿ ಯಾರೂ ಕಾಣಲಿಲ್ಲ. ನಿನ್ನ ತಮ್ಮ ಭೀಮಶಂಕರ ಓಡಿಹೋಗಿ ತನ್ನ ಬಾಟಲಿಯ ನೀರನ್ನು ಅವನ ಬಾಯಿಗೆ ಬಿಟ್ಟ. ಅಷ್ಟರಲ್ಲಿ ನಿನ್ನ ಅತ್ತೆ ಬಾಲಮ್ಮ ಬಂದು ಅವನನ್ನು ಆಚೆ ಸರಿಸಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಾಯಣ್ಣ "ಭೀಮ ಕೊಟ್ಟ" ಎಂದ. ಅಷ್ಟಕ್ಕೇ ಉಸಿರು ನಿಂತಿತು.

ನಮ್ಮ ಕನ್ನಡದಲ್ಲಿ ಕೊಟ್ಟ ಎಂದರೆ ಕೊಟ್ಟ, ನೀರು ಕೊಟ್ಟ. ತೆಲುಗಿನಲ್ಲಿ ಕೊಟ್ಟಿಂಡು ಎಂದರೆ ಹೊಡೆದ. ಸಾಯಣ್ಣ ಎರಡೂ ಭಾಷೆಯವನು. ಮಾತು ಪೂರ್ತಿಯಾಗಿತ್ತೋ, ಅದರ ಬಾಲ ಗಂಟಲಲ್ಲೇ ಉಳಿಯಿತೋ? ನಿನ್ನ ಭಾವಂದಿರು ಅದಕ್ಕೆ ತೆಲುಗಿನ ಬಾಲ ಕಟ್ಟಿದರು. ಬಾಲಮ್ಮ ಹೂಂ ಎಂದಳು. ಭೀಮ ಪಾಲಮೂರು ಜೈಲಿಗೆ ಹೋದ. ಆ ಬಾಲವನ್ನು ನಾನು ಕತ್ತರಿಸಿ ತೋರಿಸುತ್ತೇನೆ. ಏಳು ಭಾಷೆ ಬಲ್ಲವನಿಗೆ ಇದೇನು ದೊಡ್ಡದಲ್ಲ.

ಅಕ್ಕ ಚೆನ್ನಾಗಿದ್ದಾಳೆ. ಗಂಟಲಲ್ಲಿ ಸ್ವಲ್ಪ ಕಿರಿಕಿರಿ ಅಷ್ಟೇ. ದಿನಕ್ಕೊಮ್ಮೆ "ಮಲ್ಲಿ ಯಾವಾಗ ಬರ್ತಾಳ" ಎಂದು ಕೇಳುತ್ತಾಳೆ. ಯುಗಾದಿಗೆ ಬರ್ತಾಳ ಎಂದು ಹೇಳಿದ್ದೇನೆ. ಹೇಳಿದ ಮೇಲೆ ಕರೆತಂದೇ ತೀರುತ್ತೇನೆ.

ನಿನ್ನ ಮಾಮ,
ಮಾಳಪ್ಪ


ಧರೂರು
1 ಮಾರ್ಚ್ 2024

ಮಾಮಾ,

ಝಾನ್ಸಿ ಟೀಚರು ನಿನ್ನ ಕಾಗದವನ್ನು ಮಕ್ಕಳಿಗೆ ಹಂಚುವ ಬಾಲಾಮೃತದ ಹಿಟ್ಟಿನ ಚೀಲದಲ್ಲಿ ಮುಚ್ಚಿಟ್ಟು ಕೊಟ್ಟರು. ಓದುವಾಗ ನಗು ಬಂತು. ಈ ಮನೆಯಲ್ಲಿ ಯಾರಾದರೂ ನಗುವುದನ್ನು ಕೇಳಿ ಬಹಳ ದಿನವಾಗಿತ್ತು, ನನ್ನ ನಗು ನನಗೇ ಬೇರೆ ಯಾರದೋ ಅನ್ನಿಸಿತು.

ನಾನು ಚೆನ್ನಾಗಿದ್ದೇನೆ. ಅಖಿಲಾ ಅಕ್ಷರ ತಿದ್ದುತ್ತಾಳೆ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ನನಗೂ ಮಗುವಿಗೂ ಅಡುಗೆ ಮಾಡಿಕೊಳ್ಳುತ್ತೇನೆ. ಒಳಗೆ ಹೊಗೆ ಹೆಚ್ಚು, ಅದಕ್ಕೆ. ಅಖಿಲಾಳ ಅಪ್ಪ ಗದ್ವಾಲಿನ ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ, ಭಾನುವಾರ ಬರುತ್ತಾರೆ. ಮಾತು ಕಡಿಮೆ. ಮೊದಲೂ ಕಡಿಮೆಯೇ ಇತ್ತು.

ಅತ್ತೆ ಯಾರ ಜೊತೆಗೂ ಮಾತಾಡುವುದಿಲ್ಲ. ಬಾಗಿಲಲ್ಲಿ ಕುಳಿತು ಉಣ್ಣೆ ಹಿಂಜುತ್ತಾಳೆ. ಹಿಂಜಿದ್ದನ್ನೇ ಮತ್ತೆ ಹಿಂಜುತ್ತಾಳೆ.

ಮಾಮಾ, ಒಂದು ಮಾತು ನಡೆಸಿಕೊಡು. ಪಂಚಾಯ್ತಿಗೆ ಅತ್ತೆಯನ್ನೂ ಕರೆತರುತ್ತಾರಂತೆ. ಆ ಮಾತನ್ನು ಹತ್ತಿರದಿಂದ ಕೇಳಿದವಳು ಅವಳೊಬ್ಬಳೇ. ಅವಳನ್ನು ಏನೂ ಕೇಳಬೇಡ. ಕನ್ನಡ, ತೆಲುಗು ಎಂದು ಶುರು ಮಾಡಬೇಡ. ಮಲ್ಲಿಯನ್ನು ಒಂದು ದಿನ ಅವರ ಅವ್ವನ ಹತ್ತಿರ ಕಳಿಸಿಕೊಡಿ, ಸಂಜೆಗೆ ವಾಪಸು ಬಿಡುತ್ತೇವೆ ಎಂದು ಅಷ್ಟೇ ಕೇಳು. ಹಿರಿಯ ವೆಂಕಟಯ್ಯನವರು ಒಳ್ಳೆಯವರು, ಇಲ್ಲ ಅನ್ನಲಾರರು.

ಅವ್ವನ ಗಂಟಲಿಗೆ ಏನಾಗಿದೆ ಎಂದು ಸರಿಯಾಗಿ ಬರೆ.

ಮಲ್ಲೇಶ್ವರಿ


ಹೊಸಹಟ್ಟಿ
20 ಮಾರ್ಚ್ 2024

ಮಲ್ಲವ್ವಾ,

ಗೆದ್ದೆವು.

ನೀನು ಇರಬೇಕಿತ್ತು. ಗದ್ವಾಲಿನಲ್ಲಿ ಬೇವಿನ ಮರದ ಕೆಳಗೆ ಎರಡು ಕರಿ ಕಂಬಳಿ ಹಾಸಿದ್ದರು, ಒಂದರ ಮೇಲೆ ನಾವು, ಒಂದರ ಮೇಲೆ ಅವರು. ನಡುವೆ ವೆಂಕಟಯ್ಯ ಭಂಡಾರದ ತಟ್ಟೆ ಇಟ್ಟುಕೊಂಡು ಕುಳಿತಿದ್ದ. ಮಾತು ಬಂದ್ ಇರುವುದರಿಂದ ಹೇಳುವುದನ್ನೆಲ್ಲ ಅವನಿಗೇ ಹೇಳಬೇಕು. ಅವನು ಆ ಕಡೆಗೆ ಹೊರಳಿ ಅದನ್ನೇ ಹೇಳುತ್ತಾನೆ. ಒಂದೇ ಮಾತನ್ನು ಎರಡು ಸಲ ಕೇಳುವ ಆಟ. ನನ್ನ ಮಾತು ಎರಡು ಸಲ ಕೇಳಲು ಚೆನ್ನಾಗಿರುತ್ತದೆ, ಅದು ಬೇರೆ ವಿಷಯ.

ನಮ್ಮವರು ಏನೇನೋ ತೊದಲಿದರು. ಕೊನೆಗೆ ನಾನು ಎದ್ದೆ. ಅಂಗಡಿಯವ ಚಿಲ್ಲರೆ ಕೊಟ್ಟ ಎಂದರೆ ಧರೂರಿನಲ್ಲಿ ಪೊಲೀಸರನ್ನು ಕರೆಸುತ್ತಾರೇನು ಎಂದು ಕೇಳಿದೆ. ಬೀಗರು ಹೆಣ್ಣು ಕೊಟ್ಟರು ಎಂದರೆ ಮದುವೆಗೆ ಮದ್ದು, ಪಟ್ಟಿ ತರುತ್ತಾರೇನು ಎಂದೆ. ನಮ್ಮ ಕಂಬಳಿಯ ಮೇಲೆ ನಗು ಶುರುವಾಯಿತು. ಅವರ ಕಂಬಳಿಯ ಅಂಚಿನಲ್ಲೂ ಒಬ್ಬ ಕೆಮ್ಮಿದಂತೆ ಮಾಡಿ ನಕ್ಕ, ನಾನು ಕಂಡೆ. ಜನ ನಕ್ಕಾಗ ನನಗೆ ನಿಲ್ಲಿಸಲು ಬರುವುದಿಲ್ಲ, ನಿನಗೆ ಗೊತ್ತು. ವೆಂಕಟಯ್ಯನ ಕಡೆ ತಿರುಗಿ ಹೇಳಿದೆ:

"ಆಕೀನ್ನ ಕೇಳ್ರಿ ಯಜಮಾನ್ರ, ಗಂಡ ಮಾತಾಡೂವಾಗ ಕಿವ್ಯಾಗ ಹತ್ತಿ ಇಟ್ಕೊಂಡಿದ್ಲೇನು, ಉಣ್ಣಿ ಇಟ್ಕೊಂಡಿದ್ಲೇನು."

ಎಲ್ಲರೂ ನಕ್ಕರು. ಬಾಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಉತ್ತರ ಕೊಡಲು ಏನೂ ಇರಲಿಲ್ಲ, ಅದಕ್ಕೆ. ನಿನ್ನ ಭಾವಂದಿರು ಎದ್ದು ತಮ್ಮ ಅವ್ವನ ತೋಳು ಹಿಡಿದು ಕರೆದುಕೊಂಡು ಹೋದರು. ವೆಂಕಟಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಮಾಳಪ್ಪಾ, ನೀ ಗೆದ್ದಿಯಪ್ಪಾ. ಕಂಬಳಿ ಮಡಚ್ರಿ," ಎಂದ. ನಾನು ಗೆದ್ದೆ ಎಂದು ಅವನ ಬಾಯಿಂದಲೇ ಬಂತು. ಅಲ್ಲಿದ್ದವರೆಲ್ಲ ಸಾಕ್ಷಿ.

ನಿನ್ನನ್ನು ಒಂದು ದಿನ ಕಳಿಸುವ ಮಾತು ಎತ್ತುವಷ್ಟರಲ್ಲಿ ಎಲ್ಲರೂ ಎದ್ದುಬಿಟ್ಟಿದ್ದರು. ಇರಲಿ. ಗೆದ್ದ ಮೇಲೆ ಅದೇನು ದೊಡ್ಡ ಮಾತು, ಇನ್ನು ಅವರೇ ಬಂದು ಬಿಟ್ಟು ಹೋಗುತ್ತಾರೆ.

ಅಕ್ಕನಿಗೆ ಇದನ್ನೆಲ್ಲ ಅಭಿನಯ ಮಾಡಿ ತೋರಿಸಿದೆ. ಅವಳು ನಗಲಿಲ್ಲ. ಬೇಸಿಗೆಯಲ್ಲವೇ, ರೊಟ್ಟಿ ಇಳಿಯುವುದಿಲ್ಲ ಎನ್ನುತ್ತಾಳೆ, ಗಂಜಿ ಕುಡಿಯುತ್ತಾಳೆ. ಗಂಜಿ ತಂಪು.

ನಿನ್ನ ಮಾಮ,
ಮಾಳಪ್ಪ


ಧರೂರು
14 ಏಪ್ರಿಲ್ 2024

ಮಾಮಾ,

ಯುಗಾದಿ ಹೋಯಿತು. ಯಾರೂ ನನ್ನನ್ನು ಬಿಟ್ಟು ಬರಲಿಲ್ಲ ಎಂದು ನಿನಗೂ ಗೊತ್ತಾಗಿರಬೇಕು.

ನೀನು ಗೆದ್ದದ್ದು ಇಲ್ಲಿ ಹೇಗೆ ಬಂದು ಮುಟ್ಟಿತು ಎಂದು ಬರೆಯುತ್ತೇನೆ. ಅತ್ತೆಗೆ ಎಡಗಿವಿ ಕೇಳುವುದಿಲ್ಲ. ಅಖಿಲಾಳ ಅಪ್ಪ ಹುಟ್ಟುವ ಮೊದಲಿನಿಂದಲೂ ಕೇಳುವುದಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಅವಳ ಬಲಗಡೆ ಕುಳಿತು ಮಾತಾಡುತ್ತಾರೆ, ಅಷ್ಟೇ. ನಾನು ಸೊಸೆಯಾಗಿ ಬಂದಾಗ ನನಗೂ ಯಾರೂ ಹೇಳಲಿಲ್ಲ, ಬಲಗಡೆ ಕುಳಿತುಕೋ ಎಂದರು. ಮಾವನ ತಲೆ ಅವತ್ತು ಅವಳ ತೊಡೆಯ ಯಾವ ಕಡೆಗಿತ್ತು ಎಂದು ಅವಳು ಈಗ ದಿನವೂ ನೆನಪು ಮಾಡಿಕೊಳ್ಳುತ್ತಾಳೋ ಏನೋ. ನಲ್ಲಿಯ ಹತ್ತಿರ ಹೆಂಗಸರು "ಹತ್ತಿಯಾ, ಉಣ್ಣೆಯಾ" ಎಂದು ತಮ್ಮತಮ್ಮೊಳಗೆ ಅಂದು ನಗುತ್ತಾರೆ. ಅವಳು ಕೊಡ ತುಂಬಿಸದೆ ವಾಪಸು ಬರುತ್ತಾಳೆ.

ಹಿತ್ತಲಿನ ಒಲೆ ಹೊಗೆಗಾಗಿ ಅಲ್ಲ, ಮಾಮಾ. ನನ್ನ ಕೈಯ ಅನ್ನವನ್ನು ಇಲ್ಲಿ ಯಾರೂ ಉಣ್ಣುವುದಿಲ್ಲ. ಕೊಲೆಗಾರನ ಅಕ್ಕನ ಕೈ. ನಿನಗೆ ಬೇಸರವಾಗುತ್ತದೆ ಎಂದು ಆಗ ಬರೆಯಲಿಲ್ಲ.

ಮೊನ್ನೆ ನಾನೇ ದೊಡ್ಡ ಭಾವನನ್ನು ಕೇಳಿದೆ, ಅವ್ವನನ್ನು ನೋಡಿ ಬರುತ್ತೇನೆ ಎಂದು. "ಪೋತೆ ಪೋ. ಪಿಲ್ಲ ಈಡನೇ ಉಂಟದಿ," ಎಂದರು. ಹೋಗುವುದಾದರೆ ಹೋಗು, ಮಗು ಇಲ್ಲೇ ಇರುತ್ತದೆ. ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಅಖಿಲಾಳ ಅಪ್ಪ ಅಲ್ಲೇ ಇದ್ದರು. ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದರು.

ಈಗ ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ನಿನ್ನ ನದಿ, ನಿನ್ನ ಏಳು ಭಾಷೆ ಎಲ್ಲ ಬದಿಗಿಟ್ಟು ಬರೆ. ಅವ್ವ ಎದ್ದು ಓಡಾಡುತ್ತಾಳೋ ಇಲ್ಲವೋ? ಇಲ್ಲ ಎಂದರೆ ನಾನು ಅಖಿಲಾಳನ್ನು ಬಿಟ್ಟಾದರೂ ಬರುತ್ತೇನೆ. ಓಡಾಡುತ್ತಾಳೆ ಎಂದರೆ ಕಾಯುತ್ತೇನೆ.

ಮಲ್ಲೇಶ್ವರಿ


ರಾಯಚೂರು
2 ಮೇ 2024

ಮಲ್ಲವ್ವಾ,

ಓಡಾಡುತ್ತಾಳೆ.

ಓಡಾಡುವುದೇನು, ಮೊನ್ನೆ ನಾರಾಯಣಪೇಟೆಗೆ ತಾನೇ ಬಸ್ಸು ಹತ್ತಿ ಹೋಗಿ ನಿನಗೊಂದು ಸೀರೆ ತಂದಿದ್ದಾಳೆ. ಕಡುಗೆಂಪು ಒಡಲು, ಹಸಿರು ಅಂಚು. ಅಂಗಡಿಯವನ ಜೊತೆ ಚೌಕಾಸಿ ಮಾಡಿ ಅವನನ್ನು ಅಳಿಸಿದಳಂತೆ. ಬಂದವಳೇ ದೊಡ್ಡಿ ಗುಡಿಸಿಲ್ಲ ಎಂದು ನನ್ನನ್ನು ಬೈದಳು. ಬೈಯುವ ದನಿ ಮೂರು ಮನೆಗೆ ಕೇಳಿಸಿತು.

ಮೇಲೆ ರಾಯಚೂರು ಎಂದು ಇರುವುದನ್ನು ನೋಡಿ ಏನೇನೋ ಯೋಚಿಸಬೇಡ. ನನ್ನ ಮೊಣಕಾಲು ತೋರಿಸಲು ಇಲ್ಲಿನ ದೊಡ್ಡ ಆಸ್ಪತ್ರೆಗೆ ಬಂದಿದ್ದೇನೆ. ಡಾಕ್ಟರು ಮುಟ್ಟಿ ನೋಡಿ, ಇದು ಮೂವತ್ತು ವರ್ಷದವನ ಮೊಣಕಾಲು, ನಿನಗೆ ಹೇಗೆ ಬಂತು ಎಂದರು. ಆದರೂ ಇನ್ನೂ ಒಂದು ವಾರ ಇರಬೇಕಂತೆ. ಇಲ್ಲಿ ವರಾಂಡದಲ್ಲಿ ಮಲಗಲು ಜಾಗ ಚೆನ್ನಾಗಿದೆ, ಕಂಬಳಿ ಇದೆ. ಇಲ್ಲಿನ ಜನಕ್ಕೆಲ್ಲ ನಾನು ಬೇಕಾದವನಾಗಿದ್ದೇನೆ.

ಮಗುವನ್ನು ಬಿಟ್ಟು ಬರುವ ಮಾತು ಇನ್ನೊಮ್ಮೆ ಬರೆಯಬೇಡ. ಕಾಯ್ದುಕೊಂಡಿರು. ಅವಸರ ಏನೂ ಇಲ್ಲ.

ಬಾಲಮ್ಮನ ಕಿವಿಯ ವಿಷಯ ನನಗೆ ಗೊತ್ತಿರಲಿಲ್ಲ.

ಮಾಳಪ್ಪ


ಧರೂರು
9 ಜೂನ್ 2024

ಮಾಮಾ,

ನಿನ್ನ ಕಾಗದ ಬಂದ ರಾತ್ರಿ ನನಗೆ ನಿದ್ದೆ ಬಂತು. ಅವ್ವ ಅಂಗಡಿಯವನನ್ನು ಅಳಿಸಿದ್ದನ್ನು ಅಖಿಲಾಳಿಗೂ ಹೇಳಿದೆ. ಅಜ್ಜಿ ಮತ್ತೆ ಯಾವಾಗ ಅಳಿಸುತ್ತಾಳೆ ಎಂದು ದಿನವೂ ಕೇಳುತ್ತಾಳೆ.

ಇಲ್ಲಿ ಒಂದು ಒಳ್ಳೆಯದಾಗಿದೆ. ಜ್ವರ ಬಂದು ಅತ್ತೆ ನಾಲ್ಕೈದು ದಿನ ಮಲಗಿದ್ದಳು. ಭಾವಂದಿರು ಕುರಿಯ ಹಿಂದೆ ಹೋಗಿದ್ದರು. ನಾನು ಗಂಜಿ ಮಾಡಿ ಅವಳ ಬಲಗಡೆ ಇಟ್ಟು ಹೊರಗೆ ಬಂದುಬಿಟ್ಟೆ. ಬಟ್ಟಲು ಖಾಲಿಯಾಗಿತ್ತು. ಮರುದಿನವೂ ಇಟ್ಟೆ. ನಿನ್ನೆ, ಹಿತ್ತಲಿನಲ್ಲಿ ಮಳೆ ಬಿದ್ದು ಒಲೆ ಆರಿಹೋದಾಗ, ಒಳಗೆ ಬಾ ಎಂದು ಕೈಯಾಡಿಸಿದಳು. ಒಳಗಿನ ಒಲೆಯ ಮುಂದೆ ಇಬ್ಬರೂ ಕುಳಿತಿದ್ದೆವು. ಕೊನೆಗೆ ಹೇಳಿದಳು, ಮಕ್ಕಳ ಸಿಟ್ಟು ಇಳಿಯಲಿ, ದಸರಾಕ್ಕೆ ನಾನೇ ಮುಂದೆ ನಿಂತು ನಿನ್ನನ್ನೂ ಮಗುವನ್ನೂ ಕಳಿಸುತ್ತೇನೆ ಎಂದು.

ಅದಕ್ಕೆ ನಾನೀಗ ಹಟ ಮಾಡುವುದಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ, ಮೂರ್ನಾಲ್ಕು ತಿಂಗಳು ದೊಡ್ಡದಲ್ಲ. ಮಗುವಿನ ಕೈ ಹಿಡಿದುಕೊಂಡು ಮುಂದಿನ ಬಾಗಿಲಿನಿಂದ ಬರುತ್ತೇನೆ. ಈ ಕಾಗದವನ್ನು ಅವ್ವನ ಮುಂದೆ ಓದು. ಮಲ್ಲಿ ದಸರಾಕ್ಕೆ ಬರುತ್ತಾಳೆ, ಸೀರೆ ಅಲ್ಲೇ ಉಡುತ್ತಾಳೆ ಎಂದು ಹೇಳು.

ನಿನ್ನ ಮೊಣಕಾಲು ಹೇಗಿದೆ? ಮೂವತ್ತರ ಮೊಣಕಾಲಿಗೆ ಅಷ್ಟು ದಿನ ಆಸ್ಪತ್ರೆ ಯಾಕೆ ಬೇಕಾಯಿತು ಎಂದು ಝಾನ್ಸಿ ಟೀಚರು ಕೇಳಿ ನಕ್ಕರು.

ನಿನ್ನ ಮಲ್ಲಿ


ಹೊಸಹಟ್ಟಿ
27 ಜೂನ್ 2024

ಮಲ್ಲವ್ವಾ,

ಅಕ್ಕ ಮೊನ್ನೆ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು.

ಸಾವಿನ ಸುದ್ದಿಯನ್ನು ಬಾಗಿಲಿಗೆ ಬಂದು ಬಾಯಿಂದ ಹೇಳಬೇಕು. ಧರೂರಿನಲ್ಲಿ ಬಾಯಿ ತೆರೆಯಬಹುದೇ ಎಂದು ವೆಂಕಟಯ್ಯನಿಗೆ ಫೋನು ಮಾಡಿದೆ. ಭಂಡಾರ ಮುಟ್ಟಿದ ಮಾತು, ಉಳಿದ ಹಿರಿಯರನ್ನು ಕೇಳಿ ಹೇಳುತ್ತೇನೆ ಎಂದ. ಕೇಳಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಳೆ ಮೋಡ ಕಟ್ಟಿತ್ತು. ಮಣ್ಣು ಮಾಡಿದೆವು.

ಭೀಮನನ್ನು ಪೊಲೀಸರು ಕರೆತಂದಿದ್ದರು. ಒಂದು ಹಿಡಿ ಹಾಕಿ ಹೋದ.

ಮಾಳಪ್ಪ


ಧರೂರು
6 ಜುಲೈ 2024

ಮಾಳಪ್ಪನವರಿಗೆ,

ನೀವು ಓಡಾಡುತ್ತಾಳೆ ಎಂದು ಬರೆದಿರಿ.

ನಿಮ್ಮ ಕಾಗದವನ್ನು ಅಂಗನವಾಡಿಯಲ್ಲಿ, ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಾ ಓದಿದೆ. ಎಲ್ಲರಿಗೂ ಕೊಟ್ಟು ಮುಗಿಸಿದೆ. ಆಮೇಲೆ ಏನಾಯಿತೋ ನೆನಪಿಲ್ಲ. ಝಾನ್ಸಿ ಟೀಚರು ಯಾರನ್ನೋ ಕಳಿಸಿ ಅತ್ತೆಯನ್ನು ಕರೆಸಿದರಂತೆ.

ಅತ್ತೆ ಬಂದು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. ಏನಿದೆ ಎಂದು ಕೇಳಿದಳು. ಹೇಳಿದೆ. "ಸಾವು ಕಬುರು ಕಾಗಿತಂಲ ವಚ್ಚಿಂದಾ?" ಎಂದಳು. ಸಾವಿನ ಸುದ್ದಿ ಕಾಗದದಲ್ಲಿ ಬಂತೇ. ನಾನು ಹೂಂ ಎಂದೆ. ಮತ್ತೆ ಅದನ್ನೇ ಕೇಳಿದಳು, ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ. ಮತ್ತೆ ಹೂಂ ಎಂದೆ. ನನ್ನನ್ನು ಮನೆಗೆ ಕರೆತಂದು, ಒಳಗೆ ಮಲಗಿಸಿ, ತನ್ನ ಗಂಡುಮಕ್ಕಳಿಗೆ ಹೇಳದೆ ಗದ್ವಾಲಿನ ಬಸ್ಸು ಹತ್ತಿ ವೆಂಕಟಯ್ಯನವರ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಮತ್ತೆ ಪಂಚಾಯ್ತಿ ಕೂಡಿಸುತ್ತಾರಂತೆ, ಈ ಸಲ ಮಕ್ತಲ್‌ನಲ್ಲಿ.

ಮಾತು ಬಂದ್ ಹೋದರೂ ನಿಮ್ಮ ಫೋನನ್ನು ನಾನು ಎತ್ತುವುದಿಲ್ಲ. ಬರೆಯುವುದಿದ್ದರೆ ಖರೆ ಇದ್ದದ್ದನ್ನು ಬರೆಯಿರಿ. ಅವ್ವ ಹೇಗಿದ್ದಳು, ನನ್ನ ಕಾಗದ ಕೇಳಿ ಏನಂದಳು, ಅಲ್ಲಿ ಏನೇನು ಹೋಯಿತು, ಎಲ್ಲ. ನಿಮಗೆ ಅದು ಬಾರದಿದ್ದರೆ ಬಿಡಿ.

ಮಲ್ಲೇಶ್ವರಿ


ಹೊಸಹಟ್ಟಿ
11 ಆಗಸ್ಟ್ 2024

ಮಲ್ಲವ್ವಾ,

ಈ ಕಾಗದವನ್ನು ಮೂರು ಸಲ ಶುರು ಮಾಡಿ ಹರಿದೆ. ಒಂದರಲ್ಲಿ ಪಂಚಾಯ್ತಿಯನ್ನು ನಾನೇ ನಡೆಸಿದಂತೆ ಬರೆದಿದ್ದೆ. ಕೈ ತಾನಾಗಿ ಹಾಗೆ ಹೋಗುತ್ತದೆ.

ಪಂಚಾಯ್ತಿಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅದೇ ಎರಡು ಕಂಬಳಿ. ವೆಂಕಟಯ್ಯ ಬಾಲಮ್ಮನ ಬಲಗಡೆಗೆ ಬಂದು ಕುಳಿತು, ನಿನ್ನ ಗಂಡ ಕೊನೆಗೆ ಏನಂದ ಎಂದು ಕೇಳಿದ. ಅವಳು ಅವನಿಗೆ ಹೇಳಲಿಲ್ಲ. ನಮ್ಮ ಕಂಬಳಿಯ ಕಡೆ ಮುಖ ಮಾಡಿ, ಬಂದ್ ಮುರಿದು, ನಮಗೇ ಹೇಳಿದಳು. ನಮಗೆ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದಳು:

"ಕೊಟ್ಟ ಅಂದ. ಯಾವ ಭಾಷಾದಾಗ ಅಂದನೋ ನನಗ ಗೊತ್ತಿಲ್ಲ. ಅಳಾಕ ಹತ್ತಿದ್ದೆ, ಒಂದು ಕಿವಿ ಮೊದಲ ಇಲ್ಲ. ಮಕ್ಕಳು ಹೊಡದಾ ಅಂದಾನ ಅಂದ್ರು, ಹೂಂ ಅಂದೆ. ನೀರು ಕೊಟ್ಟಾ ಅಂದಾನ ಅಂದಿದ್ರ ಅದಕ್ಕೂ ಹೂಂ ಅಂತಿದ್ದೆ. ಆ ಹೂಂ ಮ್ಯಾಲೆ ಒಬ್ಬಾವ ಜೈಲ್ನಾಗ ಕುಂತಾನ, ಈ ಹುಡುಗಿ ತಾಯಿ ಮಾರಿ ನೋಡದಂಗ ಆತು."

ಅವಳ ದೊಡ್ಡ ಮಗ ಎದ್ದು ಏನೋ ಹೇಳಲು ಹೋದ. ಅವಳು ತಿರುಗಿಯೂ ನೋಡದೆ, "ಕುಂದ್ರು. ಅಲ್ಲೆ ಇದ್ದಾಕಿ ನಾನು, ನೀನಲ್ಲ," ಎಂದಳು. ಅವನು ಕುಳಿತ.

ಆಗ ವೆಂಕಟಯ್ಯ ಎಲ್ಲರ ತಲೆಯ ಮೇಲಿಂದ ನನ್ನನ್ನು ಹುಡುಕಿ, "ನಿನಗ ಗೊತ್ತೈತೇನು ಮಾಳಪ್ಪಾ, ಸಾಯಣ್ಣ ಯಾವ ಭಾಷಾದಾಗ ಅಂದ?" ಎಂದು ಕೇಳಿದ. ಎಲ್ಲರೂ ಹಿಂದಕ್ಕೆ ತಿರುಗಿದರು. ನಗಲು ಕಾಯುತ್ತಿದ್ದಾರೆ ಅನ್ನಿಸಿತು. ಇಲ್ಲರಿ, ನನಗೂ ಗೊತ್ತಿಲ್ಲ ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಬಾಲಮ್ಮನ ಕಾಲಿನ ಹತ್ತಿರ ಹೋಗಿ ಭಂಡಾರ ಮುಟ್ಟಿ ತಪ್ಪಾಯಿತು ಎಂದೆ. ಅವಳು ಹೂಂ ಅನ್ನಲಿಲ್ಲ. ಹೂಂ ಅನ್ನುವುದನ್ನು ಬಿಟ್ಟಿದ್ದಾಳೆ. ನನ್ನ ತಲೆಯ ಮೇಲೆ ಚಿಟಿಕೆ ಭಂಡಾರ ಹಾಕಿದಳು, ಮುಖ ಆ ಕಡೆ ತಿರುಗಿಸಿಕೊಂಡೇ ಹಾಕಿದಳು.

ಎರಡು ಕಂಬಳಿಗಳಲ್ಲಿ ಒಂದನ್ನು ಮಡಚಿದರು. ಉಳಿದ ಒಂದರ ಮೇಲೆ ಎರಡೂ ಕಡೆಯವರು ಕುಳಿತರು. ಜಾಗ ಸಾಲದೆ ಮೊಣಕಾಲಿಗೆ ಮೊಣಕಾಲು ತಾಗಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಂದು ತಂಬಿಗೆ ನೀರು ಬಂತು, ಎಲ್ಲರೂ ಎತ್ತಿ ಕುಡಿದರು. ರಾಜಿ ಅಂದರೆ ಇಷ್ಟೇ. ನಿನ್ನ ಭಾವಂದಿರ ಸಿಟ್ಟು ಹೋಗಿಲ್ಲ. ಹೋಗಬೇಕೆಂದು ಯಾರೂ ಕೇಳಲೂ ಇಲ್ಲ. ಬಾಲಮ್ಮ ಇದೇ ಮಾತನ್ನು ಕೋರ್ಟಿನಲ್ಲೂ ಹೇಳುತ್ತಾಳಂತೆ. ಭೀಮ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಕಾಲುವೆಯ ಕಡೆಗೆ ಕುರಿ ಹೊಡೆಯುವುದಿಲ್ಲ, ಊರೊಳಗೇ ಇರುತ್ತಾನೆ. ಬಾಟಲಿಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದಾನೆ.

ಇನ್ನು ಅಕ್ಕ. ಗಂಟಲಿನಲ್ಲಿ ಗಡ್ಡೆ. ಫೆಬ್ರವರಿಯಲ್ಲೇ ನನಗೆ ಅನುಮಾನ ಇತ್ತು, ಏಪ್ರಿಲಿನಲ್ಲಿ ರಾಯಚೂರಿನ ಡಾಕ್ಟರು ಹೇಳಿದರು. ಮೇ ತಿಂಗಳಲ್ಲಿ ವರಾಂಡದಲ್ಲಿ ಮಲಗಿದ್ದು ನಾನು, ಒಳಗೆ ಮಲಗಿದ್ದವಳು ಅಕ್ಕ. ಅವಳು ನಾರಾಯಣಪೇಟೆಗೆ ಹೋಗಲಿಲ್ಲ. ಸೀರೆ ಇಲ್ಲ. ಕೊನೆಯ ಹದಿನೈದು ದಿನ ಅವಳಿಗೆ ಮಾತೇ ಇರಲಿಲ್ಲ. ಕೈಯಲ್ಲಿ ಕೇಳುತ್ತಿದ್ದಳು. ನಿನ್ನನ್ನು ಕೇಳುವಾಗ ಕೈಯನ್ನು ನೆಲದಿಂದ ಇಷ್ಟೆತ್ತರ ಹಿಡಿದು ತೋರಿಸುತ್ತಿದ್ದಳು, ನೀನು ಇನ್ನೂ ಅಷ್ಟೇ ಇದ್ದೀಯ ಎಂಬಂತೆ.

ನೀನು ಮಗುವನ್ನು ಬಿಟ್ಟು ಬರಬಾರದು ಎಂದು ಓಡಾಡುತ್ತಾಳೆ ಎಂದು ಬರೆದೆ. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆಮೇಲೆ ಮಾಡಿದ್ದು ತಪ್ಪು, ಅದು ಗೊತ್ತು.

ನಿನ್ನ ಜೂನ್ ಕಾಗದವನ್ನು ಅವಳ ಮುಂದೆ ಓದಿದೆ. ದಸರಾ ಎಂಬಲ್ಲಿ ನಾಲಿಗೆ ನಿಂತಿತು. ದಸರಾದ ತನಕ ಅವಳು ಇರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬರುವ ಸೋಮವಾರ ಎಂದು ಓದಿಬಿಟ್ಟೆ. ಮಲ್ಲಿ ಸೋಮವಾರ ಬರುತ್ತಾಳೆ, ಮಗುವಿನ ಕೈ ಹಿಡಿದುಕೊಂಡು ಮುಂದಿನ ಬಾಗಿಲಿನಿಂದ ಬರುತ್ತಾಳೆ ಎಂದೆ. ಅಕ್ಕ ನಕ್ಕಳು. ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವಳಿಂದ ತಲೆ ಬಾಚಿಸಿಕೊಂಡಳು. ಗೋಡೆಗೆ ಒರಗಿಸಿ ಕೂರಿಸು ಎಂದು ಸನ್ನೆ ಮಾಡಿದಳು, ಬಾಗಿಲು ಕಾಣುವಂತೆ ಕೂರಿಸಿದೆ. ಮಧ್ಯಾಹ್ನ ಬಸ್ಸು ತಡವಾಗಿದೆ ಎಂದೆ. ಸಂಜೆ ಇನ್ನೊಂದು ಬಸ್ಸು ಇದೆ ಎಂದೆ. ದೀಪ ಹಚ್ಚಿದ ಮೇಲೆ ಅವಳು ನನ್ನ ಕಡೆ ನೋಡಿದಳು. ಆಮೇಲೆ ಬಾಗಿಲಿನ ಕಡೆಗೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ಹೋದಳು.

ಅವಳು ಏನಂದಳು ಎಂದು ಕೇಳಿದ್ದೀ. ಕೈಯಿಂದಲೂ ಏನೂ ಅನ್ನಲಿಲ್ಲ ಮಲ್ಲವ್ವಾ. ಅಂದಿದ್ದರೆ ಚೆನ್ನಾಗಿತ್ತು.

ಬಂದ್ ಹೋಗಿದೆ. ನೀನು ಬರಬಹುದು, ಮಗುವನ್ನೂ ಕರೆತರಬಹುದು, ಬಾಲಮ್ಮನೇ ಒಪ್ಪಿದ್ದಾಳೆ. ನನ್ನ ಮನೆಗೆ ಬರಬೇಕೆಂದಿಲ್ಲ. ಅಕ್ಕನ ಗುಂಡಿಯ ಮೇಲೆ ಕಲ್ಲು ಇಟ್ಟಿದ್ದೇನೆ, ದಾರಿಯನ್ನು ಭೀಮ ತೋರಿಸುತ್ತಾನೆ. ನೀನು ಬರುವ ದಿನ ನಾನು ಬೇಕಾದರೆ ಕೃಷ್ಣಾ ಕಡೆಗೆ ಹೋಗಿ ಇರುತ್ತೇನೆ.

ಇಲ್ಲಿ ಏನೇನು ಹೋಯಿತು ಎಂದೂ ಕೇಳಿದ್ದೀ. ಅವತ್ತು ಕಾಲುವೆಗೆ ಬಿದ್ದ ಸಾಯಣ್ಣನ ಕುರಿಗಳಿಗೆ ಬದಲು ಕುರಿ ತುಂಬಿಕೊಡಬೇಕು ಎಂದು ಹಿರಿಯರು ಹೇಳಿದರು. ಹಟ್ಟಿಯ ಮನೆಮನೆಗೂ ಹಂಚೋಣ ಎಂದು ನಮ್ಮವರು ಮಾತಾಡಿಕೊಳ್ಳುತ್ತಿದ್ದರು. ಮೊದಲ ಪಂಚಾಯ್ತಿಯಲ್ಲಿ ನನ್ನ ನಾಲಿಗೆ ಸುಮ್ಮನಿದ್ದಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತೋ ಏನೋ, ನೀನು ಯುಗಾದಿಗೆ ಬಂದಿರುತ್ತಿದ್ದೆಯೋ ಏನೋ. ನಾನು ಎದ್ದು, ಬೇರೆ ಯಾರೂ ಕೊಡುವುದು ಬೇಡ ಎಂದೆ. ಮಕ್ತಲ್ ಸಂತೆಯಲ್ಲಿ ಕೇಳಿದವರಿಗೆ ಹತ್ತು ಕುಂಟು ಕುರಿ ಅವರ ಕಡೆಗೆ ಹೊಡೆದು ಕೈ ತೊಳೆದುಕೊಂಡೆ ಎಂದು ಹೇಳುತ್ತಿದ್ದೇನೆ. ಜನ ನಂಬುತ್ತಾರೆ, ಮಾಳಪ್ಪ ಬೆರಕಿ, ಬಲು ಚಾಲಾಕಿ ಮನುಷ್ಯ ಎಂದು ನಗುತ್ತಾರೆ.

ಹತ್ತಲ್ಲ. ಅರವತ್ತಮೂರು. ದೊಡ್ಡಿಯಲ್ಲಿ ಇದ್ದದ್ದೇ ಅಷ್ಟು.